ವಿಳಾಸದಾಗ ಇಬ್ಬರು

ಮೊದಲೇ ಹೇಳಿಬಿಡ್ತೀನಿ, ನಾ ಸಿಟ್ಟಿನಾಕಿ. ನನ್ನ ಗಂಡ ಮುರುಗೆಪ್ಪ ಇದ್ದಾಗ, "ಬಸಲಿಂಗಮ್ಮಗ ಸಿಟ್ಟು ಬಂತಂದ್ರ ಕುಕ್ಕರ್ ಸೈತ ಸೀಟಿ ಹೊಡಿಯಾಕ ಹೆದರತೈತಿ" ಅಂತ ಬಂದ ಮಂದಿ ಮುಂದೆಲ್ಲ ಹೇಳಿ ನಗತಿದ್ದ. ಆದ್ರ ಫೆಬ್ರುವರಿಯಾಗ ಸರ್ಕಾರದ ಆ ಟಪಾಲು ಬಂದ ದಿನ ನನಗ ಮೊದಲು ಸಿಟ್ಟು ಬರ್ಲಿಲ್ಲ, ನಗು ಬಂತು. ನಿಮ್ಮ ಅರ್ಜಿ ನಾಮಂಜೂರು, ಯಾಕಂದ್ರ ಈ ವಿಳಾಸದಾಗ ಇಬ್ಬರು ಅದಾರ, ಇಬ್ಬರದೂ ಆದಾಯ ಕೂಡಿಸಿದ್ರ ಭಾಳ ಆಕ್ಕೈತಿ ಅಂತ ಬರದಿದ್ರು. ಇಬ್ಬರು! ನಾ ಎದ್ದು ಹೋಗಿ ಹಿಂದಿನ ಖೋಲಿ ಬಾಗಲಾ ತಗದು ನೋಡಿದೆ. ಅರಿವಿ ಒಣಗಸೂ ಸ್ಟ್ಯಾಂಡ್ ಒಂದು ನಿಂತಿತ್ತು, ಅದರ ಮ್ಯಾಲೆ ನನ್ನವ ಎರಡು ಸೀರಿ.

ಅರ್ಜಿ ಏನಂದ್ರ, ಈ ಡಚ್ಚರ ದೇಶದಾಗ ಕಡಿಮಿ ಪಗಾರದವರಿಗೆ ಬಾಡಿಗಿ ಕಟ್ಟಾಕ ಸರ್ಕಾರ ಒಂದು ನೆರವು ಕೊಡತೈತಿ. ಡಚ್ಚಿನಾಗ ಹ್ಯೂರ್‌ಟೂಸ್ಲಾಹ್ ಅಂತಾರ. ಆ ಹೆಸರು ನಾಲಿಗಿ ಮ್ಯಾಲೆ ಕೂಡಾಕ ನನಗ ಒಂದು ವರ್ಷ ಹಿಡೀತು, ಅದು ಮಾತ್ರ ಇನ್ನೂ ಕೈಗೆ ಬಂದಿಲ್ಲ. ಮುರುಗೆಪ್ಪ ಬ್ಲೈಸ್‌ವೈಕ್‌ನ ಗಾಜಿನ ಮನಿಗಳಾಗ ಟೊಮ್ಯಾಟೊ ಬೀಜದ ಸಂಶೋಧನೆ ಮಾಡ್ತಿದ್ದ. ಅಂವ ಇದ್ದಾಗ ಈ ಬಾಡಿಗಿ ಒಂದು ಬಾಡಿಗಿನೇ ಅಲ್ಲ. ನಾಲ್ಕು ವರ್ಷದ ಹಿಂದ ಅಂವ ತೀರಿ ಹ್ವಾದ. ನಾ ಇದೇ ಊರು ಜೂಟರ್‌ಮೀರ್‌ದಾಗ ಮುದುಕರ ಆರೈಕಿ ಮನಿಯೊಂದರ ಲಾಂಡ್ರಿಯಾಗ ವಾರಕ್ಕ ನಾಲ್ಕು ದಿನ ಕೆಲಸ ಮಾಡ್ತೀನಿ, ಅರ್ಧಕ್ಕಿಂತ ಹೆಚ್ಚು ಪಗಾರ ಬಾಡಿಗಿಗೇ ಹೊಕ್ಕೈತಿ. ಮೊದಲಿನ ನಿಯಮ ಹೆಂಗಿತ್ತಂದ್ರ, ಬಾಡಿಗಿ ಒಂದು ಮಿತಿ ದಾಟಿದ್ರ ನೆರವು ಒಂದು ಪೈಸೆನೂ ಇಲ್ಲ. ನನ್ನ ಬಾಡಿಗಿ ಆ ಮಿತಿನ ಸ್ವಲ್ಪದರಾಗ ದಾಟಿತ್ತು. ಈ ಜನೆವರಿಯಿಂದ ನಿಯಮ ಬದಲಾತು, ಮಿತಿ ದಾಟಿದವರೂ ಕೇಳಬಹುದು ಅಂದ್ರು. ಅವತ್ತ ನಾ ಲಾಂಡ್ರಿಯಾಗ ಹಾಡಕೋಂತ ಚಾದರ ಮಡಚೀನಿ.

ಜುಲೈದಾಗ ಬಾಡಿಗಿ ಮತ್ತ ಏರತೈತಿ. ನೆರವು ಸಿಗದಿದ್ರ ಮನಿ ಬಿಡೂದೊಂದೇ ದಾರಿ. ಬಿಟ್ಟು ಎಲ್ಲೆ ಹೋಗೂದು? ಕಡಿಮಿ ಬಾಡಿಗಿ ಮನಿಗಳಿಗೆ ಪಾಳಿ ಹಚ್ಚಿದ್ರ ಹತ್ತು ವರ್ಷ ಹಿಡೀತೈತಿ. ನಮ್ಮೂರು ರೋಣದಿಂದ ಎಲ್ಲಾರೂ ಫೋನ್ ಮಾಡಿ "ಹೊಳ್ಳಿ ಬಾ, ಅಲ್ಲೇನೈತಿ ನಿನಗ" ಅಂತಾರ. ಏನೈತಿ ಅಂದ್ರ ಏನ್ ಹೇಳ್ಲಿ? ಹದಿನಾರು ವರ್ಷ ಬಾಳ್ವೆ ಮಾಡಿದ ಮನಿ ಐತಿ. ನಾ ದುಡದು ತಿನ್ನೂ ಅನ್ನ ಐತಿ. ಐದನೇ ಮಾಳಿಗಿ, ಅಡಗಿಮನಿ ಕಿಡಕಿಯಾಗ ನಿಂತ್ರ ಟ್ರಾಮ್ ಹೋಗೂದು ಕಾಣತೈತಿ. ನಾ ಈ ಮನಿ ಬಿಡಂಗಿಲ್ಲ ಅಂದ್ರ ಬಿಡಂಗಿಲ್ಲ.

ಇನ್ನ ಆ ಎರಡನೇ ಮನಶ್ಯಾ ಯಾರು? ಟಪಾಲು ಇನ್ನೊಮ್ಮೆ ಓದೂವಾಗ ಹೊಳೀತು. ನಗು ಅಲ್ಲೇ ನಿಂತು ಸಿಟ್ಟು ಏರಾಕ ಶುರು ಆತು. ವಿರೂಪಾಕ್ಷ!

ವಿರೂಪಾಕ್ಷ ನನ್ನ ಸ್ವಂತ ತಮ್ಮಲ್ಲ. ನನ್ನ ತವರುಮನಿ ಓಣಿಯ ಹುಡುಗ, ಎಂಜಿನಿಯರ್. ಎರಡು ವರ್ಷದ ಹಿಂದ ವೆಲ್ಡ್‌ಹೋವನ್‌ದಾಗ ನೌಕರಿ ಸಿಕ್ಕು ಬಂದ. ಅವರವ್ವ ಫೋನ್ ಮಾಡಿ "ಯವ್ವಾ ಬಸಲಿಂಗಮ್ಮ, ಹುಡುಗ ಹೊಸಾಂವ, ನಿನ್ನ ಉಡಿಯಾಗ ಹಾಕೀನಿ" ಅಂದ್ಲು. ಹಂಗಂದ್ ಮ್ಯಾಲೆ ಇಲ್ಲ ಅನ್ನಾಕ ಬರತೈತೇನು? ಆರು ವಾರ ನಮ್ಮನ್ಯಾಗ ಇದ್ದ. ಈ ದೇಶದಾಗ ಬಂದ ಕೂಡಲೆ ಊರಿನ ಆಫೀಸಿನಾಗ ಒಂದು ವಿಳಾಸದ ಮ್ಯಾಲೆ ಹೆಸರು ಬರಸಬೇಕು, ಇಲ್ಲಂದ್ರ ಆಧಾರದಂಥ ನಂಬರ್ ಇಲ್ಲ, ಬ್ಯಾಂಕ್ ಇಲ್ಲ, ಪಗಾರ ಇಲ್ಲ. ನಮ್ಮ ಮಂದಿ ಹೊಸದಾಗಿ ಬಂದಾಗ ಮೊದಲ ಬಂದವರು ವಿಳಾಸ ಕೊಡೂದು ಇಲ್ಲೆ ರೂಢಿ. ಚಾ ಕೊಟ್ಟಂಗ ವಿಳಾಸ ಕೊಡ್ತಾರ. ನಾನೂ ಕೊಟ್ಟೆ.

ಅಂವ ಬಾಡಿಗಿ ಕೊಡ್ತೀನ್ರಿ ಅಕ್ಕಾರ ಅಂತ ಒಂದಿನ ರೊಕ್ಕ ತಂದು ಟೇಬಲ್ ಮ್ಯಾಲೆ ಇಟ್ಟ. "ಇನ್ನೊಮ್ಮೆ ರೊಕ್ಕದ ಮಾತು ತಗದ್ರ ಕಪಾಳಕ್ಕ ಹಾಕ್ತೀನಿ ನೋಡ" ಅಂತ ಹೊಳ್ಳಿ ಅವನ ಕಿಸೆದಾಗ ತುರುಕಿದೆ. ದಿನಾ ಎರಡು ಬಿಸಿ ರೊಟ್ಟಿ, ಪುಂಡಿಪಲ್ಯೆ ಸಿಗದಿದ್ರ ಪಾಲಕ್ ಹಾಕಿದ ಪಲ್ಯೆ. ಆಮ್ಯಾಲೆ ವೆಲ್ಡ್‌ಹೋವನ್‌ದಾಗ ಖೋಲಿ ಸಿಕ್ಕು ಹೋದ. ಹೋಗೂವಾಗ "ಅಕ್ಕಾರ, ಆ ಖೋಲಿ ಮಾಲಕ ವಿಳಾಸ ಬರಸಾಕ ಬಿಡಂಗಿಲ್ರಿ, ನಿಮ್ಮ ಕಡೆನೇ ಸ್ವಲ್ಪ ದಿನ ಇರ್ಲಿ" ಅಂದ. "ಇರ್ಲಿ ಬಿಡೋ, ಕಾಗದದ ಮ್ಯಾಲೆ ಇದ್ರ ಏನು ನಮ್ಮನಿ ಅನ್ನಾ ತಿಂತೀಯೇನು" ಅಂದೆ. ಅವತ್ತ ನನ್ನ ಬುದ್ಧಿ ಎಲ್ಲೆ ಮೇಯಾಕ ಹೋಗಿತ್ತೋ.

ಟಪಾಲು ತಗೊಂಡು ಲೈಬ್ರರಿಗೆ ಹೋದೆ. ಅಲ್ಲೆ ಬುಧವಾರ ಬುಧವಾರ ಟ್ರೂಸ್ ಅಂತ ಒಬ್ಬಾಕಿ ಕೂಡತಾಳ, ಎಪ್ಪತ್ತು ದಾಟಿದ ಡಚ್ ಹೆಣಮಗಳು, ಇಂಥ ಕಾಗದ ಓದಿ ತಿಳಿಸಿ ಹೇಳೂದು ಆಕಿ ಸೇವಾ. ಪಗಾರಿಲ್ಲ. ಅರ್ಜಿ ಹಾಕೂವಾಗೂ ಆಕೀನೇ ಬಾಜೂಕ ಕೂತಿದ್ಲು. ಕನ್ನಡಕ ಏರಿಸಿಕೊಂಡು ಓದಿ ಕೇಳಿದ್ಲು:

"ಈ ಹುಡುಗ ನಿಮಗೆ ಬಾಡಿಗಿ ಕೊಡ್ತಿದ್ನೇನು?"

"ಛೀ, ಛೀ! ಊಟಕ್ಕ ಬಂದಾವನ ಕಡೆ ರೊಕ್ಕ ತಗೊಳ್ಳೂ ಮಂದಿ ಅಲ್ಲ ನಾವು" ಅಂದೆ.

"ತಗೊಂಡಿದ್ರ ಚಲೋ ಇತ್ತು. ಬಾಡಿಗಿ ತಗೊಂಡು, ಕರಾರುಪತ್ರ ಇದ್ದಿದ್ರ ಅಂವ ಬಾಡಿಗಿದಾರ ಆಗತಿದ್ದ, ಅವನ ಆದಾಯ ಲೆಕ್ಕಕ್ಕ ಬರತಿರ್ಲಿಲ್ಲ. ತಗೊಂಡಿಲ್ಲಂದ್ರ ಅಂವ ನಿಮ್ಮ ಮನಿಯಾಂವ."

"ಅಂದ್ರ ರೊಕ್ಕ ತಗೊಂಡಿದ್ರ ಹೊರಗಿನಾಂವ, ತಗೊಳ್ಳಲಿಲ್ಲ ಅಂತ ಮನಿಯಾಂವ?"

"ಕಾನೂನಿನಾಗ ಹೌದು."

"ಈ ಕಾನೂನು ಮಾಡಿದವರು ಯಾರದರ ಮನಿಗೆ ಊಟಕ್ಕ ಹೋಗ್ಯಾರೋ ಇಲ್ಲೋ?" ಅಂದೆ. ಟ್ರೂಸ್ ನಕ್ಕಳು, ನಕ್ಕು ಆಮ್ಯಾಲೆ ಗಂಭೀರ ಆದ್ಲು. ಎರಡು ದಾರಿ ಅದಾವ ಅಂದ್ಲು. ಒಂದು, ಅಂವ ತಾ ಈಗ ಇದ್ದಲ್ಲಿಗೆ ವಿಳಾಸ ಬದಲಿ ಮಾಡ್ಕೋಬೇಕು. ಇಲ್ಲಂದ್ರ ನಾನೇ ಊರಿನ ಆಫೀಸಿಗೆ ಹೋಗಿ, ಅಂವ ನಮ್ಮನ್ಯಾಗ ಇಲ್ಲ ಅಂತ ಹೇಳಬೇಕು. ಅದಾದ ಮ್ಯಾಲೆ ಹೊಸಾ ಅರ್ಜಿ.

ಅವತ್ತ ಸಂಜಿನೇ ಫೋನ್ ಮಾಡಿದೆ. "ಅಯ್ಯ ಅಕ್ಕಾರ, ಮುಂದಿನ ವಾರ ಮಾಡೇಬಿಡ್ತೀನ್ರಿ" ಅಂದ. ಮುಂದಿನ ವಾರ ಪ್ರಾಜೆಕ್ಟ್ ಅಂದ. ಅದರ ಮುಂದಿನ ವಾರ ಜ್ವರ ಅಂದ. ಮಾರ್ಚ್ ಮುಗೀತು. ಏಪ್ರಿಲ್‌ದಾಗ ಫೋನ್ ಎತ್ತೂದೇ ಕಡಿಮಿ ಮಾಡಿದ. ಎಂಥ ಶಾಣ್ಯಾ ನೋಡ್ರಿ, ನಾ ಕೆಲಸಕ್ಕ ಹೋದ ಹೊತ್ತು ನೋಡಿ ಹೊಳ್ಳಿ ಫೋನ್ ಹಚ್ಚತಿದ್ದ. ಅತ್ತಾಗ ನನ್ನ ಮನಿ ಮಾಲಕನಿಂದ ಜುಲೈ ಬಾಡಿಗಿ ಇಷ್ಟು ಅಂತ ಕಾಗದ ಬಂತು. ನಾ ಆ ಶನಿವಾರನೇ ಗಾಡಿ ಹತ್ತಿದೆ. ಹೇಗ್‌ನಾಗ ಇಳಿದು ಐಂಡ್‌ಹೋವನ್ ಟ್ರೇನು, ಅಲ್ಲಿಂದ ವೆಲ್ಡ್‌ಹೋವನ್ ಬಸ್ಸು. ಬರ್ತೀನಿ ಅಂತ ಹೇಳಲೇ ಇಲ್ಲ.

ಬಾಗಲಾ ತಗದಾಂವ ವಿರೂಪಾಕ್ಷನ ಖೋಲಿ ಮಾಲಕ, ಹರಿಪ್ರಸಾದ ಅಂತ, ಬೆಂಗಳೂರಾಂವ. ಸ್ವಂತ ಮನಿ ತಗೊಂಡಾನ, ಮ್ಯಾಲಿನ ಅಟ್ಟದಾಗ ಮೂರು ಹುಡುಗರಿಗೆ ಖೋಲಿ ಕೊಟ್ಟಾನ. ಮೂರೂ ಮಂದಿ ಹೆಸರು ಅಲ್ಲೆ ಬರಸಿದ್ರ ಊರಿನ ಆಫೀಸಿನವರು ಪರವಾನಗಿ ಎಲ್ಲೆ ಅಂತ ಕೇಳ್ತಾರ, ಅದಕ್ಕ ಯಾರದೂ ಬರಸೂದಿಲ್ಲ. ವಿರೂಪಾಕ್ಷ ಮ್ಯಾಲಿಂದ ಇಳಿದು ಬಂದು ನನ್ನ ನೋಡಿದಾಂವನೇ ಬೆಳ್ಳಗಾದ. ಹರಿಪ್ರಸಾದಗ ಮಾತ್ರ ಏನೂ ಗಾಬರಿ ಇಲ್ಲ.

"ಆಂಟಿ, ಬನ್ನಿ ಕೂತ್ಕೊಳ್ಳಿ. ಟೆನ್ಷನ್ ತಗೋಬೇಡಿ. ವಿರೂಪಾಕ್ಷ ಎಲ್ಲಾ ಹೇಳಿದಾನೆ. ಇದಕ್ಕೆ ಸಿಂಪಲ್ ಸೊಲ್ಯೂಷನ್ ಇದೆ."

ಆಂಟಿ ಅಂತ! ನನಗ ನಲವತ್ತೊಂಬತ್ತು, ಅವನ ನೆತ್ತಿ ಮ್ಯಾಲೆ ಒಂದು ಕೂದಲಿಲ್ಲ. ಒಳಗ ಹೋಗಿ ಪ್ರಿಂಟ್ ಮಾಡಿದ ಎರಡು ಹಾಳಿ ತಂದು ನನ್ನ ಮುಂದ ಇಟ್ಟ. ಅದು ಕರಾರುಪತ್ರ. ನಾನು ಖೋಲಿ ಕೊಟ್ಟಾಕಿ, ವಿರೂಪಾಕ್ಷ ಬಾಡಿಗಿದಾರ, ತಿಂಗಳಾ ನಾನೂರು ಯುರೋ. ತಾರೀಖು ಎರಡು ವರ್ಷದ ಹಿಂದಿನದು.

"ನೀವು ಸೈನ್ ಹಾಕಿದ್ರೆ ಮುಗೀತು ಆಂಟಿ. ಅವನು ಬರೀ ಟೆನೆಂಟ್ ಆಗ್ತಾನೆ. ಅವನ ಅಡ್ರೆಸ್ಸೂ ಸೇಫ್, ನಿಮ್ಮ ಸಬ್ಸಿಡಿನೂ ಬರತ್ತೆ. ಯಾರಿಗೂ ಲಾಸ್ ಇಲ್ಲ."

ನಾ ಪೂರಾ ಓದಿದೆ. ಓದಿ ಆಮ್ಯಾಲೆ ತಲಿ ಎತ್ತಿದೆ. "ಲೇ ವಿರೂಪಾಕ್ಷ, ಈ ನಾನೂರು ಯುರೋ ನನಗ ಯಾವಾಗ ಕೊಟ್ಟಿ?"

ಅಂವ ನೆಲಾ ನೋಡಕೋಂತ ಅಂದ, "ಕೊಡಾಕ ಬಂದಿದ್ದೆ ಅಕ್ಕಾರ. ನೀವ ಬ್ಯಾಡ ಅಂದ್ರಿ."

ಆ ಮಾತು ಖರೆನೇ. ಖರೆ ಅಂತನೇ ಮೈಯಾಗ ಮುಳ್ಳು ಚುಚ್ಚಿದಂಗಾತು. "ಹೌದು, ಬ್ಯಾಡ ಅಂದೆ. ಅದಕ್ಕ ನಂಗ ಇವತ್ತಿಗೂ ಪಶ್ಚಾತ್ತಾಪ ಇಲ್ಲ. ನಾ ರೊಟ್ಟಿ ಬಡದು ಹಾಕಿದ್ದು ನಿಮ್ಮವ್ವನ ಮಾತಿಗೆ. ಅದಕ್ಕ ಈಗ ನೀವಿಬ್ರೂ ಕೂಡಿ ರೇಟ್ ಬರದೀರಿ! ನಾಳೆ ಆಫೀಸಿನವರು ಬ್ಯಾಂಕಿನ ಪಾಸ್‌ಬುಕ್ ತೋರಸು, ಎಲ್ಲೆ ಆ ನಾನೂರು ಅಂದ್ರ ಏನ್ ತೋರಿಸ್ಲಿ? ಸಿಕ್ಕೊಳ್ಳಾಕಿ ಯಾರು, ಈ ಸಾಹೇಬ್ರೇನು?"

"ಅಯ್ಯೋ, ಯಾರೂ ಚೆಕ್ ಮಾಡಲ್ಲ ಆಂಟಿ" ಅಂದ ಹರಿಪ್ರಸಾದ.

"ನೀವು ಸುಮ್ನಿರ್ರಿ" ಅಂದೆ. "ನಿಮ್ಮ ಮನ್ಯಾಗ ಮೂರು ಮಂದಿ ಇಟ್ಟು ಒಬ್ಬರ ಹೆಸರೂ ಬರಸದಾವರು ನೀವು. ನನಗ ಉಪದೇಶ ಬ್ಯಾಡ." ಎರಡೂ ಹಾಳಿ ಹರದು ಅವನ ಟೇಬಲ್ ಮ್ಯಾಲೇ ಇಟ್ಟೆ. ಪರ್ಸ್ ತಗೊಂಡು ಎದ್ದೆ.

ವಿರೂಪಾಕ್ಷ ಬಸ್‌ಸ್ಟಾಪಿನ ತನಾ ಬೆನ್ನು ಹತ್ತಿ ಬಂದ. ಕಣ್ಣಾಗ ನೀರು. "ಅಕ್ಕಾರ, ಹಂಗ ಮಾಡಬ್ಯಾಡ್ರಿ. ಸ್ಮಿತಾನ ವೀಸಾ ಕಾಗದ ಹಾಕೀನಿ, ಜೂನ್‌ದಾಗ ಬರ್ತಾಳ. ಈಗ ನನ್ನ ವಿಳಾಸನೇ ಹೋದ್ರ ಎಲ್ಲಾ ಕೆಡತೈತಿ." ಸ್ಮಿತಾ ಅವನ ಹೆಂಡತಿ, ಮದವಿ ಆಗಿ ಎಂಟು ತಿಂಗಳು, ಹುಬ್ಬಳ್ಳಿಯಾಗ ತವರುಮನ್ಯಾಗ ಅದಾಳ.

"ಹೆಸರು ಬರಸಾಕ ಬಿಡೂ ಮನಿ ಇಲ್ಲೇನೋ ಈ ಊರಾಗ?"

"ಅದಾವ್ರಿ. ಬಾಡಿಗಿ ಡಬಲ್ ಐತ್ರಿ."

"ಅಂದ್ರ ನಿನ್ನ ಬಾಡಿಗಿ ಉಳಸಾಕ ನನ್ನ ಮನಿ ಒತ್ತಿ ಇಟ್ಟೀ. ನಿನ್ನ ಒಂದು ತಿಂಗಳ ಪಗಾರದಾಗ ನಾ ಮೂರು ತಿಂಗಳು ಬದುಕತೀನಿ, ಗೊತ್ತೈತಿಲ್ಲ? ಮಂಗಳವಾರ ಹನ್ನೊಂದಕ್ಕ ಜೂಟರ್‌ಮೀರ್ ಆಫೀಸಿನಾಗ ನನ್ನ ಪಾಳಿ ಐತಿ. ಬಂದು ನೀನೇ ಹೆಸರು ತಗಸು. ಬರ್ಲಿಲ್ಲ ಅಂದ್ರ ನಾ ಹೇಳ್ತೀನಿ." ಬರ್ತೀನ್ರಿ ಅಂದ. ಬಸ್ಸು ಬಂತು, ಹತ್ತಿದೆ.

ಟ್ರೇನಿನಾಗ ಮನಸ್ಸು ತಿರಗಾಕ ಹತ್ತಿತು. ಪಾಪ, ಹೊಸಾ ಮದವಿ. ಎರಡು ತಿಂಗಳು ಹೆಂಗರ ತಡಕೊಂಡ್ರ ಆತಲ್ಲ, ಲಾಂಡ್ರಿಯಾಗ ಶನಿವಾರದ ಪಾಳಿನೂ ಕೇಳೋಣು ಅಂತ ಅನ್ಕೊಂಡೆ. ಖರೆ ಹೇಳ್ತೀನಿ, ರೋಟರ್‌ಡ್ಯಾಮ್ ದಾಟೂದ್ರಾಗ ಮುಕ್ಕಾಲು ಒಪ್ಪಿಬಿಟ್ಟಿದ್ದೆ. ಅಷ್ಟರಾಗ ಫೋನ್ ಬಂತು, ಹುಬ್ಬಳ್ಳಿಯಿಂದ ಸ್ಮಿತಾ. ನಾ ಬಸ್ ಹತ್ತಿದ ಕೂಡಲೆ ಗಂಡ ಫೋನ್ ಮಾಡಿರಬೇಕು.

"ಅಕ್ಕಾರ, ನಿಮ್ಮ ಕಾಲಿಗೆ ಬೀಳ್ತೀನ್ರಿ, ನಾ ಬರೂ ತನಾ ತಡೀರಿ."

"ಬಂದು ಎಲ್ಲಿರ್ತೀಯವ್ವಾ ನೀನು? ಆ ಅಟ್ಟದಾಗ, ಇನ್ನಿಬ್ಬರು ಹುಡುಗರ ಜೋಡಿ?"

ಆಕಿ ಸಣ್ಣ ದನಿಲೆ ಅಂದ್ಲು, "ಅಟ್ಟ ಯಾವುದ್ರಿ? ನಿಮ್ಮ ಮನ್ಯಾಗ ಇರೂದಲ್ರಿ ನಾವು? ಹಿಂದಿನ ಖೋಲಿ ಖಾಲಿ ಐತಿ, ಅಕ್ಕಾರು ಒಬ್ಬರೇ ಅದಾರ, ಅವರೇ ಬರ್ರಿ ಅಂದಾರ ಅಂತ ನಮ್ಮನಿಯವರು ಹೇಳಿದ್ರು."

ಎಪ್ಪಾ ದೇವರ! ಎದುರಿಗೆ ಕೂತ ಡಚ್ ಮುದುಕ ಪೇಪರ್ ಕೆಳಗ ಇಳಿಸಿ ನನ್ನ ನೋಡಿದ, ಅಷ್ಟು ಜೋರಾಗಿ ಉಸಿರು ಬಿಟ್ಟಿದ್ದೆ. ನನ್ನ ಕೇಳದ ನನ್ನ ಖೋಲಿ ಹಂಚಿಬಿಟ್ಟಾನ. ಆ ಹುಡುಗಿ ಮ್ಯಾಲೆ ಸಿಟ್ಟು ಮಾಡಿ ಉಪಯೋಗ ಏನು, ಆಕೀನೂ ಮೋಸ ಹೋದಾಕಿ. "ನೋಡವ್ವಾ ಸ್ಮಿತಾ," ಅಂದೆ, "ನಿನ್ನ ಗಂಡಗ ಹೇಳು, ಹೆಂಡತಿ ಬರೂದ್ರಾಗ ತನ್ನ ಹೆಸರಿನ ಮ್ಯಾಲೆ ಒಂದು ಮನಿ ಮಾಡು ಅಂತ. ಪಗಾರ ಐತಿ, ಮಾಡ್ತಾನ. ಇಲ್ಲಂದ್ರ ನೀ ಬರಬ್ಯಾಡ." ಆಕಿ ಅತ್ಲು. ಆದ್ರ ಆ ಮುಕ್ಕಾಲು ಒಪ್ಪಿಗಿ ಅಲ್ಲೇ ಟ್ರೇನಿನಾಗ ಇಳದು ಹೋತು.

ಮಂಗಳವಾರ ರಜಾ ತಗೊಂಡು ಹತ್ತೂವರಿಗೇ ಆಫೀಸಿನಾಗ ಹೋಗಿ ಕೂತೆ. ಚೀಟಿ ತಗೊಂಡೆ. ಬಾಗಲಾ ಸರದಾಗೊಮ್ಮೆ ತಲಿ ಎತ್ತಿ ನೋಡಿದೆ. ಯಾರ್ಯಾರೋ ಬಂದ್ರು, ಕೂಸಿನ ಹೆಸರು ಬರಸೂವರು, ಪಾಸ್‌ಪೋರ್ಟಿನವರು. ಹನ್ನೊಂದಕ್ಕ ಐದು ನಿಮಿಷ ಇದ್ದಾಗ ಮೊಬೈಲ್‌ನಾಗ ಅವನ ಮೆಸೇಜ್ ಬಂತು, ಸಾರಿ ಅಕ್ಕಾರ, ಅರ್ಜೆಂಟ್ ಮೀಟಿಂಗ್. ನನ್ನ ನಂಬರ್ ಬಂತು, ಎದ್ದು ಹೋದೆ.

ಕೌಂಟರಿನಾಗ ಇದ್ದಾಕಿ ಸಣ್ಣ ವಯಸ್ಸಿನ ಹುಡುಗಿ, ನಡುವ ದಪ್ಪನ ಗಾಜು. ನನ್ನ ಮುರುಕು ಡಚ್ಚಿನಾಗನೇ ಹೇಳಿದೆ. ವಿರೂಪಾಕ್ಷ ಅನ್ನಾಂವ ನಮ್ಮ ವಿಳಾಸದಾಗ ಅದಾನ, ಮನ್ಯಾಗ ಇಲ್ಲ. ಆರು ವಾರ ಇದ್ದ, ಎರಡು ವರ್ಷದ ಹಿಂದ ಹ್ವಾದ.

"ಆವಾಗಲೇ ಹೇಳಬೇಕಿತ್ತು ನೀವು" ಅಂದ್ಲು.

"ಹೌದ್ರಿ. ತಪ್ಪು ನಂದೂ ಐತಿ. ಅದಕ್ಕ ನಾನೇ ಬಂದೀನಿ."

ಆಕಿ ಏನೇನೋ ಟೈಪ್ ಮಾಡಿದ್ಲು. ನನಗ ಒಂದು ಕೇಳಬೇಕಿತ್ತು, ಕೇಳಿದೆ, "ಅವನ್ನ ಏನ್ ಮಾಡ್ತೀರಿ?" ಅವನಿಗೆ ಪತ್ರ ಹೊಕ್ಕೈತಿ, ನಾಲ್ಕು ವಾರದಾಗ ಖರೆ ವಿಳಾಸ ಹೇಳಬೇಕು, ಹೇಳಿದ್ರ ಮುಗೀತು ಅಂದ್ಲು. ನಾಲ್ಕು ವಾರ. ಅಷ್ಟರಾಗ ಮನಿ ಹುಡುಕಾಕ ಆಗದಷ್ಟು ದಡ್ಡ ಅಲ್ಲ ಅಂವ. ಹುಡುಕಲಿ.

ಹುಡುಗಿ ಪರದೆ ನೋಡಕೋಂತ, ತಲಿ ಎತ್ತದ ಕೇಳಿದ್ಲು, "ಅಂದ್ರ ಆ ಮನ್ಯಾಗ ನೀವು ಒಬ್ಬರೇ ಇರ್ತೀರಿ?"

ಎಷ್ಟು ಸಣ್ಣ ಪ್ರಶ್ನೆ. ನಾಲ್ಕು ವರ್ಷದಾಗ ಈ ಮಾತು ಯಾರ ಮುಂದನೂ ನಾ ಬಾಯಿಬಿಟ್ಟು ಹೇಳಿಲ್ಲ. ಮುರುಗೆಪ್ಪ ಹೋದ ಮ್ಯಾಲೆ ಇದೇ ಆಫೀಸಿನಿಂದ ಒಂದು ಕಾಗದ ಬಂದಿತ್ತು, ನಮ್ಮ ವಿಳಾಸ, ಕೆಳಗ ನನ್ನೊಬ್ಬಾಕಿ ಹೆಸರು. ಅದನ್ನ ಮಡಚಿ ಅಲಮಾರಿನಾಗ ಅರಿವಿ ಕೆಳಗ ಒತ್ತಿ ಇಟ್ಟಿದ್ದೆ. ಅದಾದ ಮ್ಯಾಲೆ ವಿರೂಪಾಕ್ಷನ ಹೆಸರು ಸೇರಿ ಮತ್ತ ಇಬ್ಬರಾದ್ವಿ. ನಮ್ಮ ಅತ್ತಿ ವಾರಾ ಫೋನ್ ಮಾಡಿ "ಮನ್ಯಾಗ ಯಾರರ ಅದಾರೇನವ್ವಾ?" ಅಂದ್ರ "ವಿರೂಪಾಕ್ಷ ಅದಾನ್ರಿ" ಅಂತಿದ್ದೆ, ಅಂವ ಹೋಗಿ ಎರಡು ವರ್ಷ ಆಗಿದ್ರೂ. ಲಾಂಡ್ರಿಯಾಗ ಸೈತ "ನಮ್ಮ ತಮ್ಮ ಇರ್ತಾನ" ಅಂತಿದ್ದೆ. ಅಂವ ಹೆಸರು ಬಿಟ್ಟು ಹ್ವಾದ ಅಂತ ಇಷ್ಟೊತ್ತು ಬೈದೆನಲ್ಲ, ಅಂವ ಬಿಟ್ಟದ್ದು ಖರೆ, ಗಟ್ಟಿ ಹಿಡಕೊಂಡಾಕಿ ನಾನು.

ಹುಡುಗಿ ತಲಿ ಎತ್ತಿದ್ಲು. ಗಾಜಿನ ಕಡೆ ಕಿವಿ ತಂದು, "ಏನಂದ್ರಿ? ಕೇಳಿಸಲಿಲ್ಲ" ಅಂದ್ಲು. ನಾ ಇನ್ನೂ ಏನೂ ಅಂದೇ ಇರ್ಲಿಲ್ಲ.

ಖುರ್ಚಿ ಮುಂದಕ್ಕ ಎಳಕೊಂಡೆ. "ಹೌದ್ರಿ," ಅಂದೆ, ಹಿಂದ ಪಾಳಿಯಾಗ ಕೂತವರಿಗೂ ಕೇಳೂವಷ್ಟು ಜೋರಾಗಿ, "ನನ್ನ ಮನ್ಯಾಗ ನಾ ಒಬ್ಬಾಕೇ ಇರ್ತೀನಿ. ಬರಕೊಳ್ರಿ."